ಅಡಿಕೆಯ ತೋಟಕ್ಕೆ ಯಂತ್ರವು ಬಂದ ಬಗೆ



ಯಂತ್ರದ ಬೇಸಾಯವೆಂದೊಡನೆ ಪಟ್ಟಣವಾಸಿಗಳಾದ ನಮ್ಮ ಮನಸ್ಸಿಗೆ ತೋರುವ ಚಿತ್ರವೊಂದೇ: ಕಣ್ಣು ಹರಿಯುವಷ್ಟು ದೂರವೂ ಸಮವಾದ ಹೊಲ, ಅದರ ನಡುವೆ ಹೊಗೆಯುಗುಳುತ್ತ ಉಳುವ ಟ್ರ್ಯಾಕ್ಟರು. ಮೂಡುಬಿದಿರೆಯಿಂದ ವೇಣೂರಿನ ಮೇಲೆ ಬೆಳ್ತಂಗಡಿಗೆ ಹೋಗಿ, ಅಲ್ಲಿಂದ ನೇತ್ರಾವತಿಯ ದಡದ ಬಂಟವಾಳಕ್ಕೆ ಇಳಿದು ಬಂದವರಿಗೆ ಈ ಚಿತ್ರವು ದೊರೆಯುವುದು ಅಪರೂಪ. ಆ ನಾಡಿನಲ್ಲಿ ಸಮನೆಲವೇ ದುರ್ಲಭ. ಗುಡ್ಡಗಳ ನಡುವಣ ತಗ್ಗಿನಲ್ಲಿ, ತೋಡಿನ ಎರಡು ಮಗ್ಗುಲಲ್ಲಿಯೂ, ಅಡಿಕೆಯ ಮರಗಳು ಸಾಲುಸಾಲಾಗಿ ನಿಂತಿವೆ. ಬೆಳೆದು ನಿಂತವು ಐವತ್ತು ಅರುವತ್ತು ಅಡಿ ಎತ್ತರ, ಕಾಂಡವು ತೊಡೆಯ ಗಾತ್ರವೂ ಇಲ್ಲ, ಫಲವೆಲ್ಲ ತುದಿಯಲ್ಲಿ. ಅಲ್ಲಿಯ ಹೊಲವು ಮಲಗಿಲ್ಲ, ನೆಟ್ಟಗೆ ನಿಂತಿದೆ ಎನ್ನಬೇಕು. ಅದನ್ನು ಉಳಬೇಕಾಗಿಲ್ಲ, ಏರಬೇಕು.

ಏರುವ ಕೆಲಸವನ್ನು ತಲೆಮಾರುಗಳಿಂದ ಮನುಷ್ಯನ ಕೈಕಾಲುಗಳೇ ನಡೆಸಿಕೊಂಡು ಬಂದವು. ಪಾದಗಳಿಗೆ ಹಗ್ಗದ ತಳೆ, ಸೊಂಟದಲ್ಲಿ ಕತ್ತಿ: ಹೆಚ್ಚುಕಡಮೆ ಇಷ್ಟೇ ಸಲಕರಣೆ. ಒಂದು ಮರದ ತುದಿಯನ್ನು ಸೇರಿದವನು ಗೊನೆಯನ್ನು ಕೊಯ್ದು, ಮರವನ್ನು ಮೆಲ್ಲನೆ ತೂಗಿಸಿ, ಪಕ್ಕದ ಮರವನ್ನು ಕೈಯಿಂದ ಹಿಡಿದು, ನೆಲಕ್ಕೆ ಇಳಿಯದೆಯೇ ಅದಕ್ಕೆ ದಾಟುವನು. ನೋಡುವವರಿಗೆ ಇದು ಸೊಗಸಾದ ಆಟದಂತೆ ಕಾಣುವುದು. ಆದರೆ ಕೈಜಾರಿದವನಿಗೆ ಎರಡನೆಯ ಅವಕಾಶವಿಲ್ಲ. ಬೆನ್ನೆಲುಬು ಮುರಿದುಕೊಂಡು ಉಳಿದ ಆಯುಸ್ಸನ್ನು ಚಾಪೆಯ ಮೇಲೆ ಕಳೆದವರು ಆ ಸೀಮೆಗೆ ಅಪರಿಚಿತರಲ್ಲ.

ಕೊಯ್ಲು ಬಹುಮಟ್ಟಿಗೆ ಒಣಗಾಲದ ಕೆಲಸ. ಸುರಿಯುವ ಮಳೆಯ ನಡುವೆಯೂ ಮರವೇರಬೇಕಾದ ಕಷ್ಟವನ್ನು ತಂದದ್ದು, ವಿಚಿತ್ರವೆಂದರೆ, ವಿಜ್ಞಾನದ ಒಂದು ಮಹೋಪಕಾರವೇ. ಆ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ.

ಮುಂಗಾರು ಬಲವಾಗಿ ಹಿಡಿದ ಮೇಲೆ ಎಳೆಯ ಅಡಿಕೆಯ ಕಾಯಿಗಳು ನೀರುಗಟ್ಟಿದಂತಾಗಿ, ಕೊಳೆತು, ಬಿಳಿಯ ಬೂಸಲು ಮುಸುಕಿ ನೆಲಕ್ಕೆ ಉದುರುವುವು. ಇದೇ ಕೊಳೆರೋಗ, ಮಹಾಳಿ ಎಂದೂ ಕರೆಯುವರು. ವರುಷದ ಅನ್ನವು ಒಂದೆರಡು ವಾರಗಳಲ್ಲಿ ಮರದ ಬುಡದಲ್ಲಿ ಕೊಳೆಯುವುದನ್ನು ಕಂಡವರೇ ಅದರ ಕ್ರೌರ್ಯವನ್ನು ಬಲ್ಲರು. ಮಲೆನಾಡಿನವರು ಗೊನೆಗೊನೆಗೂ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ, ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿಯು ಈ ರೋಗವನ್ನು ಕೂಲಂಕಷವಾಗಿ ಪರೀಕ್ಷಿಸಿದರು. ೧೯೧೦ರಲ್ಲಿ ಪ್ರಕಟವಾದ ಅವರ ವರದಿಯು ರೋಗಕ್ಕೆ ಕಾರಣವು ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯೆಂದು ತೋರಿಸಿಕೊಟ್ಟಿತು. ಈ ಜೀವಿಯ ಚರಕಣಗಳಿಗೆ ಈಜುವುದಕ್ಕೆ ಕೂದಲೆಳೆಯಂಥ ಎರಡೆರಡು ಬಾಲಗಳಿವೆ. ಕಾಯಿಯ ಮೇಲೆ ನಿಂತ ನೀರಿನ ತೆಳುಪದರವೇ ಅವುಗಳಿಗೆ ಸಮುದ್ರ. ಬಹುಕಾಲ ಶಿಲೀಂಧ್ರವೆಂದೇ ಎಣಿಸಲ್ಪಟ್ಟಿದ್ದ ಇದು ವಂಶದಲ್ಲಿ ಅಣಬೆಗಿಂತ ಕಡಲಿನ ಕಂದುಪಾಚಿಗೇ ಹತ್ತಿರದ ನಂಟು ಎಂದು ಈಚಿನ ವಿಜ್ಞಾನವು ತಿಳಿದುಕೊಂಡಿದೆ. ಮಳೆ ಬಿದ್ದಾಗಲೇ ರೋಗವು ಏಕೆ ಹಬ್ಬುವುದು ಎಂಬ ಒಗಟು ಇದರಿಂದ ಬಿಡಿಸಿದಂತಾಯಿತು.

ಕೋಲ್ಮನ್ನರು ಸೂಚಿಸಿದ ಮದ್ದು ಇನ್ನೂ ದೂರದಿಂದ ಬಂದದ್ದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿಯ ತೋಟದವರು, ದಾರಿಹೋಕರು ಹಣ್ಣು ಕದಿಯದಿರಲೆಂದು, ರಸ್ತೆಯ ಪಕ್ಕದ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರನ್ನು ಚಿಮುಕಿಸುತ್ತಿದ್ದರು. ೧೮೮೨ರಲ್ಲಿ ಮಿಲಾರ್ಡೆ ಎಂಬ ಪಂಡಿತರು ಆ ದಾರಿಯಾಗಿ ಹೋಗುತ್ತಿದ್ದಾಗ, ಹೀಗೆ ನೀಲಿಗಟ್ಟಿದ ಬಳ್ಳಿಗಳ ಎಲೆ ಮಾತ್ರ ರೋಗಕ್ಕೆ ಸಿಕ್ಕದೆ ಹಸುರಾಗಿರುವುದನ್ನು ಕಂಡರು. ಮೂರು ವರ್ಷ ಪ್ರಯೋಗ ನಡೆಸಿ ೧೮೮೫ರಲ್ಲಿ ಅದನ್ನು ಲೋಕಕ್ಕೆ ಸಾರಿದರು. ಕಳ್ಳರನ್ನು ಹೆದರಿಸಲು ಕಲಸಿದ ಬಣ್ಣದ ನೀರು ನಮ್ಮ ಅಡಿಕೆಯನ್ನು ಕಾಯುವಂತಾದುದು ಹೀಗೆ. ಪಾಕವು ಇಂದಿಗೂ ಸರಳ: ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹದವನ್ನು ನೋಡಲು ಕಬ್ಬಿಣದ ಚೂರಿಯನ್ನು ಅದ್ದಿ ತೆಗೆಯುವರು; ಅಲಗು ಕೆಂಪಗಾದರೆ ಸುಣ್ಣವು ಸಾಲದು ಎಂದು ಅರ್ಥ. ರಸಾಯನಶಾಸ್ತ್ರದ ಇಷ್ಟು ಸುಲಭವಾದ ಪರೀಕ್ಷೆ ಪಾಠಶಾಲೆಗಳಲ್ಲಿಯೂ ವಿರಳ.

ಆದರೆ ಈ ಮದ್ದನ್ನು ಒಮ್ಮೆ ಸಿಂಪಡಿಸಿದರೆ ಸಾಲದು. ಮಳೆಗೆ ಮುಂಚೆ ಒಂದು ಸಲ. ನಲವತ್ತು ನಲವತ್ತೈದು ದಿನಗಳ ಮೇಲೆ, ಎಂದರೆ ಆಷಾಢದ ಮಳೆಯ ನಟ್ಟನಡುವೆ, ಇನ್ನೊಂದು ಸಲ. ಪಾಚಿ ಹಿಡಿದು ಜಾರುವ ಕಾಂಡವನ್ನು ಮರವೇರುವವನು ಕೊಳವೆಯನ್ನು ಹೊತ್ತುಕೊಂಡು ಏರಬೇಕು. ಕೆಳಗೆ ಮತ್ತೊಬ್ಬನು ಪಂಪಿನ ಹಿಡಿಯನ್ನು ಹಿಂದೆ ಮುಂದೆ ಆಡಿಸಬೇಕು. ಫಸಲು ಉಳಿಯಿತು, ಜೀವಕ್ಕೆ ಭಯವು ಹೆಚ್ಚಿತು. ಆ ಬಳಿಕ ಬಂದ ಎಂಜಿನು ಪಂಪು ಕೆಳಗಿನವನ ರಟ್ಟೆಯನ್ನು ಉಳಿಸಿತೇ ಹೊರತು ಮೇಲಿನವನನ್ನು ಕೆಳಗಿಳಿಸಲಿಲ್ಲ. ಈ ನಾಡಿನ ಯಂತ್ರಗಳ ಚರಿತ್ರೆಯೆಲ್ಲವೂ ಅವನನ್ನು ಕ್ಷೇಮವಾಗಿ ಇಳಿಸುವ ಪ್ರಯತ್ನದ ಚರಿತ್ರೆಯೆಂದೇ ನನ್ನ ಅಭಿಪ್ರಾಯ.

ಯಂತ್ರವು ಕೂಲಿಯವನ ಅನ್ನವನ್ನು ಕಸಿಯುವುದೆಂಬ ಆಕ್ಷೇಪವು ಹಳೆಯದು, ಅನೇಕ ಕಡೆ ನಿಜವಾದದ್ದು. ಇಲ್ಲಿ ಮಾತ್ರ ಕ್ರಮವು ತಿರುಗುಮುರುಗು. ಮರವೇರುವವರ ಮಕ್ಕಳು ಓದು ಕಲಿತು ಬೇರೆ ಉದ್ಯೋಗವನ್ನು ಹಿಡಿದರು. ಅದು ಅವರ ಹಕ್ಕು. ಏರುವ ಕೈಗಳು ವಿರಳವಾದ ಮೇಲೆಯೇ ತೋಟದ ಯಜಮಾನರು ಯಂತ್ರವನ್ನು ಹುಡುಕಿಕೊಂಡು ಹೊರಟದ್ದು. ಹಾಗೆ ಹುಡುಕಿದವರಲ್ಲಿ ಬಂಟವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕರಾದ ಕೋಮಲೆ ಗಣಪತಿ ಭಟ್ಟರು ಒಬ್ಬರು. ಅವರು ರಚಿಸಿದ, ಮರವೇರುವ ಬೈಕು ೨೦೧೯ರಲ್ಲಿ ದೇಶದಲ್ಲೆಲ್ಲ ಪ್ರಸಿದ್ಧವಾಯಿತು. ಪೆಟ್ರೋಲಿನ ಸಣ್ಣ ಎಂಜಿನು, ಕಾಂಡವನ್ನು ಅಪ್ಪಿ ಹಿಡಿಯುವ ಚಕ್ರಗಳು, ಕುಳಿತುಕೊಳ್ಳಲು ಪೀಠ, ಬಿಗಿದುಕೊಳ್ಳಲು ಪಟ್ಟಿ, ತಡೆಯಲು ಬ್ರೇಕು. ತೂಕ ೨೮ ಕಿಲೋ. ಒಂದು ಲೀಟರು ಪೆಟ್ರೋಲಿಗೆ ಎಂಬತ್ತು ಮರಗಳು. ಅರ್ಧ ನಿಮಿಷದಲ್ಲಿ ತುದಿ: ಇದು ಆಗ ವೃತ್ತಪತ್ರಿಕೆಗಳಲ್ಲಿ ಬಂದ ಲೆಕ್ಕ. ಒಂದು ಮರದಿಂದ ಬಿಚ್ಚಿ ಇನ್ನೊಂದಕ್ಕೆ ತೊಡಿಸಬೇಕೆಂಬುದು ನಿಜ. ತೂಗಿಕೊಂಡು ದಾಟುವ ಚಳಕ ಅದಕ್ಕಿಲ್ಲ. ಆದರೂ ತಳೆ ಕಟ್ಟಿ ಅರಿಯದವನೂ ತುದಿಯನ್ನು ಮುಟ್ಟಬಲ್ಲನೆಂಬುದು ಅಲ್ಪವಲ್ಲ.

ಇನ್ನೊಂದು ಉಪಾಯವು ನೆಲದ ಮೇಲೆಯೇ ನಿಂತು ಮಾಡುವಂಥದು. ಬಿದಿರಿನ ದೋಟಿಯನ್ನು ನಮ್ಮವರು ಎಂದಿನಿಂದಲೂ ಬಲ್ಲರು. ಅರುವತ್ತು ಅಡಿಯ ಬಿದಿರನ್ನು ನೆಟ್ಟಗೆ ಹಿಡಿದು ಆಡಿಸುವುದು ಮಾತ್ರ ಭೀಮನಿಗೂ ಕಷ್ಟ. ಈಚಿನ ವರ್ಷಗಳಲ್ಲಿ ಬಂದ ಕಾರ್ಬನ್ ನಾರಿನ ದೋಟಿಯು ಆ ಎತ್ತರಕ್ಕೂ ಹಗುರವಾಗಿ ನಿಲ್ಲುವುದು. ಇಲ್ಲೊಂದು ಸ್ವಾರಸ್ಯವುಂಟು. ೧೮೮೦ರಲ್ಲಿ ಅಮೆರಿಕದ ಎಡಿಸನ್ನರು ವಿದ್ಯುದ್ದೀಪದ ತಂತಿಗಾಗಿ ಬಿದಿರಿನ ಸೀಳನ್ನೇ ಸುಟ್ಟು ಕರಿಯಾಗಿಸಿದ್ದರು. ಕಾರ್ಬನ್ ನಾರಿನ ವಂಶಾವಳಿಯಲ್ಲಿ ಅದೊಂದು ಮೊದಲ ಹೆಸರು. ೧೯೫೯ರ ಸುಮಾರಿಗೆ ಜಪಾನಿನ ಅಕಿಯೋ ಶಿಂಡೋ ಎಂಬವರು ಕೃತಕ ನೂಲಿನಿಂದ ಅದನ್ನು ಪಡೆಯುವ ಮಾರ್ಗವನ್ನು ಕಂಡರು. ಅದು ವಿಮಾನದ ಅಂಗವಾಯಿತು. ಕಡೆಗೆ ಬಿದಿರಿನ ಹೆಸರನ್ನೇ ಹೊತ್ತ ಮೂಡುಬಿದಿರೆಯ ಸೀಮೆಯಲ್ಲಿ ಬಿದಿರಿನ ದೋಟಿಗೆ ಪ್ರತಿಯಾಗಿ ನಿಂತಿತು. ಈ ದೋಟಿಯನ್ನು ಹಿಡಿದವನಿಗೆ ಬೀಳುವ ಭಯವಿಲ್ಲ, ಕತ್ತು ನೋವು ಉಂಟು.

ಹಳೆಯ ವಿದ್ಯೆ ಏನಾಯಿತು? ಅದೇ ಮೂಡುಬಿದಿರೆಯ ಸಿದ್ಧಾಂತ ಬಸದಿಯು ಧವಳಾದಿ ಗ್ರಂಥಗಳ ತಾಡವೋಲೆಗಳನ್ನು ಶತಮಾನಗಳ ಕಾಲ ಕಾಪಾಡಿತು; ೧೯೩೯ರಿಂದ ಅವು ಅಚ್ಚಾಗತೊಡಗಿದವು. ಯಾವ ಮರವು ಎಷ್ಟು ಬಾಗುವುದು, ಯಾವುದರ ನೆತ್ತಿ ಟೊಳ್ಳು ಎಂದು ಅಂಗಾಲಿನಿಂದಲೇ ಅರಿಯುತ್ತಿದ್ದವರ ಶಾಸ್ತ್ರವನ್ನು ಯಾರೂ ಬರೆದಿಡಲಿಲ್ಲ. ಅದು ಬಲ್ಲವರೊಡನೆಯೇ ಹೋಗುತ್ತಿದೆ.

ಹಾರುವ ಡ್ರೋನುಗಳಿಂದ ಸಿಂಪಡಿಸುವ ಪ್ರಯೋಗಗಳೂ ನಡೆದಿವೆ. ಮೇಲಿನಿಂದ ಬೀಳುವ ಹನಿಯು ಸೋಗೆಯ ಮೇಲೆಯೇ ನಿಲ್ಲುವುದು, ಗೊನೆಯಿರುವುದು ಸೋಗೆಯ ಕೆಳಗೆ. ತೊಡಕು ಇಷ್ಟೆ, ಆದರೆ ಸಣ್ಣದಲ್ಲ. ಬಂಟವಾಳ ತಾಲ್ಲೂಕಿನ ವಿಟ್ಲದಲ್ಲಿ ೧೯೫೬ರಲ್ಲಿ ಸ್ಥಾಪಿತವಾದ ಅಡಿಕೆ ಸಂಶೋಧನ ಕೇಂದ್ರದವರು ಬೇರೆಯೇ ದಾರಿಯನ್ನು ಹಿಡಿದರು: ಮನುಷ್ಯನು ಮೇಲೇರುವ ಬದಲು ಮರವೇ ಕೆಳಗಿಳಿಯಲಿ. ತುಮಕೂರು ಜಿಲ್ಲೆಯ ಹಿರೇಹಳ್ಳಿಯ ಕುಳ್ಳ ತಳಿಯನ್ನು ಹೆಚ್ಚು ಫಲ ಕೊಡುವ ಸುಮಂಗಳ, ಮೋಹಿತನಗರ ತಳಿಗಳೊಡನೆ ಕೂಡಿಸಿ ಗಿಡ್ಡ ಸಂಕರಗಳನ್ನು ಪಡೆದರು. ಇಂದು ಅವನ್ನು ನೆಟ್ಟವರ ಮಕ್ಕಳಿಗೆ ಕೊಯ್ಲು ಸುಲಭವಾಗಬಹುದು. ಆದರೆ ಅಡಿಕೆಯ ಮರಕ್ಕೆ ಅರುವತ್ತು ವರುಷದ ಬಾಳು. ಅಜ್ಜಂದಿರು ನೆಟ್ಟ ಎತ್ತರದ ಮರಗಳು ತೋಟಗಳಲ್ಲಿ ಇನ್ನೂ ನಿಂತೇ ಇವೆ, ಬರುವ ಆಷಾಢದಲ್ಲಿಯೂ ಅವಕ್ಕೆ ಮದ್ದು ಬೀಳಬೇಕು.