ಸಿನಿಮಾ ಹಚ್ಚಿದ ನದಿಯ ಹುಚ್ಚು

ಲಾಂಗ್ ವೀಕೆಂಡ್ ಸಿಕ್ಕರೆ ದೆಹಲಿಯ ನಮ್ಮವರು ರಿಷಿಕೇಶಕ್ಕೆ ರಾಫ್ಟಿಂಗ್‌ಗೆ ಹೊರಡ್ತಾರೆ, ಊರಿಗೆ ಬಂದವರು ದಾಂಡೇಲಿಯ ಕಾಳಿಗೆ. ಹಿಂದೆ ಕೂತು ಕೂಗಿ ಹೇಳೋ ಗೈಡ್ ಇದ್ದಾರಲ್ಲ, ಅವರ ಕಸುಬಿನ ಒಂದು ಹಳೇ ಕಥೆ ಇವತ್ತು ಹೇಳ್ತೀನಿ.

1971. ಅಮೆರಿಕದ ಜಾರ್ಜಿಯಾ ಮತ್ತು ದಕ್ಷಿಣ ಕ್ಯಾರೊಲಿನಾ ಗಡಿಯ ಚಟೂಗಾ ನದಿಯಲ್ಲಿ 'ಡೆಲಿವರೆನ್ಸ್' ಶೂಟಿಂಗ್. ಅಪಾಯದ ದೃಶ್ಯಗಳಲ್ಲಿ ದೋಣಿ ನಡೆಸೋಕೆ ನುರಿತವರು ಬೇಕಿತ್ತು. ಬಂದವರಲ್ಲಿ ಕ್ಲಾಡ್ ಟೆರ್ರಿ, ಪೇಸನ್ ಕೆನಡಿ ಇದ್ದರು. ಟೆರ್ರಿ ಮೂಲತಃ ಸೂಕ್ಷ್ಮಜೀವಿ ವಿಜ್ಞಾನಿ. ನದಿ ಅವರಿಗೆ ರಜಾದಿನದ ಗೀಳು, ನಮ್ಮ ಟ್ರೆಕ್ಕಿಂಗ್ ಥರ.

1972ರಲ್ಲಿ ಚಿತ್ರ ಬಂತು. ಜನ ಚಟೂಗಾಕ್ಕೆ ನುಗ್ಗಿದರು. ತರಬೇತಿ ಇಲ್ಲದೆ ನೀರಿಗಿಳಿದ ಹಲವರು ಮುಳುಗಿ ಸತ್ತರು. ತೆರೆ ಮೇಲೆ ನಟರು ಕಂಡರು, ಹಿಂದಿದ್ದ ವರ್ಷಗಳ ಅಭ್ಯಾಸ ಕಾಣಲಿಲ್ಲ.

ಅದೇ ವರ್ಷ ಕೆನಡಿ, ಪತ್ನಿ ಆರೇಲಿಯಾ ಮತ್ತು ಗೆಳೆಯ ಹೊರೇಸ್ ಹೋಲ್ಡನ್ ಜೊತೆ ನಾಂಟಹಾಲಾ ಔಟ್‌ಡೋರ್ ಸೆಂಟರ್ ಶುರು ಮಾಡಿದರು. ಮುಂದೆ ಅದು ದೊಡ್ಡ ತರಬೇತಿ ಕೇಂದ್ರವಾಗಿ ಬೆಳೀತು. ಟೆರ್ರಿ, ಆಗ ಗವರ್ನರ್ ಆಗಿದ್ದ ಜಿಮ್ಮಿ ಕಾರ್ಟರ್ ಅವರನ್ನೇ ಕನೂನಲ್ಲಿ ಕೂರಿಸಿ ಚಟೂಗಾದ ಬುಲ್ ಸ್ಲೂಸ್ ದಾಟಿಸಿದರು. 1974ರಲ್ಲಿ ನದಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಕಾರ್ಟರ್ ಅದರ ಬೆಂಬಲಕ್ಕಿದ್ದರು.

ನನಗನ್ನಿಸೋದು ಇಷ್ಟೇ: ಆ ನದಿಗೆ ಜನರನ್ನ ಕರೆತಂದಿದ್ದು ಸಿನಿಮಾ, ಬದುಕಿ ದಡ ಸೇರೋದನ್ನ ಕಲಿಸಿದ್ದು ಗೈಡ್‌ಗಳು. ನೀರಿಗೆ ಬಿದ್ದರೆ ಎದ್ದು ನಿಲ್ಲಬೇಡಿ, ಬಂಡೆ ಸಂದಿಗೆ ಕಾಲು ಸಿಕ್ಕೀತು. ಅಂಗಾತ ಮಲಗಿ, ಕಾಲು ಮೇಲೆ, ಪಾದ ಹರಿವಿನ ಕಡೆಗೆ. ಮುಂದಿನ ಸಲ ಗೈಡ್ ಇದನ್ನ ಹೇಳುವಾಗ ಸೆಲ್ಫಿ ಬಿಟ್ಟು ಕೇಳಿಸ್ಕೊಳ್ಳಿ.