ಅತುಲ್ ಕುಲಕರ್ಣಿ: ಗಡಿನಾಡಿನಿಂದ ಬಹುಭಾಷಾ ಬೆಳ್ಳಿತೆರೆಗೆ

ಬೆಳಗಾವಿ: ಪೋಷಕ ಪಾತ್ರಗಳಿಗೆ ಎರಡು ಬಾರಿ ರಾಷ್ಟ್ರೀಯ ಪ್ರಶಸ್ತಿ ಪಡೆದ, ಹಿಂದಿ, ಮರಾಠಿ, ಕನ್ನಡ, ತಮಿಳು, ತೆಲುಗು, ಮಲಯಾಳಂ ಮತ್ತು ಇಂಗ್ಲಿಷ್ ಚಿತ್ರಗಳಲ್ಲಿ ಅಭಿನಯಿಸಿದ ನಟ ಅತುಲ್ ಕುಲಕರ್ಣಿ ಜನಿಸಿದ್ದು ಬೆಳಗಾವಿಯಲ್ಲಿ, 1965ರ ಸೆಪ್ಟೆಂಬರ್ 10ರಂದು. ದೇಶದ ಬಹುತೇಕ ಪ್ರೇಕ್ಷಕರು ಅವರನ್ನು ಹಿಂದಿ ನಟರೆಂದೇ ಗುರುತಿಸುತ್ತಾರೆ. ಮಹಾರಾಷ್ಟ್ರದವರಿಗೆ ಅವರು ಮರಾಠಿ ನಟ. ಆದರೆ ಅವರ ಚಲನಚಿತ್ರ ಜೀವನ ಆರಂಭವಾದದ್ದು ಕನ್ನಡದಲ್ಲಿ ಎಂಬ ಸಂಗತಿ ಕನ್ನಡಿಗರಲ್ಲಿಯೇ ಅನೇಕರಿಗೆ ತಿಳಿದಿಲ್ಲ.

ಎರಡು ಭಾಷೆಗಳ ನೆಲ

ಅತುಲ್ ಜನಿಸಿದ ಮರುವರ್ಷ, ಅಂದರೆ 1966ರಲ್ಲಿ, ಕೇಂದ್ರ ಸರ್ಕಾರವು ಮೈಸೂರು ಮತ್ತು ಮಹಾರಾಷ್ಟ್ರ ರಾಜ್ಯಗಳ ಗಡಿ ವಿವಾದದ ಪರಿಶೀಲನೆಗೆ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಆಯೋಗವನ್ನು ನೇಮಿಸಿತು. 1967ರಲ್ಲಿ ವರದಿ ಸಲ್ಲಿಸಿದ ಆಯೋಗವು ಬೆಳಗಾವಿ ನಗರ ಮೈಸೂರು ರಾಜ್ಯದಲ್ಲಿಯೇ ಉಳಿಯಬೇಕೆಂದು ಹೇಳಿತು. ಅದೇ ವೇಳೆಗೆ ನಿಪ್ಪಾಣಿ, ಖಾನಾಪುರ, ನಂದಗಡ ಸೇರಿದಂತೆ 264 ಊರುಗಳನ್ನು ಮಹಾರಾಷ್ಟ್ರಕ್ಕೆ ಬಿಟ್ಟುಕೊಡಬೇಕೆಂದು ಶಿಫಾರಸು ಮಾಡಿತು. ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ; ಅದು ಜಾರಿಗೂ ಬರಲಿಲ್ಲ. ಬೆಳಗಾವಿಯೂ ಖಾನಾಪುರವೂ ಕರ್ನಾಟಕದಲ್ಲಿಯೇ ಉಳಿದವು. 2004ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ನಕ್ಷೆಯ ಮೇಲೆ ಎಳೆಯಲು ಹೊರಟ ಆ ಗೆರೆ ಜನರ ನಾಲಿಗೆಯ ಮೇಲೆ ಎಂದೂ ಇರಲಿಲ್ಲ. ಬೆಳಗಾವಿಯ ಮಾರುಕಟ್ಟೆಯಲ್ಲಿ ಕನ್ನಡ ಮತ್ತು ಮರಾಠಿ ಒಟ್ಟೊಟ್ಟಿಗೆ ಕೇಳಿಬರುತ್ತವೆ. ಖಾನಾಪುರ ತಾಲೂಕಿನ ಊರುಗಳಲ್ಲಿ ಇವೆರಡರ ಜೊತೆಗೆ ಕೊಂಕಣಿಯೂ ಸೇರುತ್ತದೆ. ಹೊರಗಿನವರಿಗೆ ಇದು ವಿವಾದದ ಸ್ಥಳವಾಗಿ ಕಂಡರೂ ಕಲಾವಿದರಿಗೆ ಇದು ಕೊಡುಕೊಳ್ಳುವಿಕೆಯ ನೆಲವಾಗಿದೆ. ಮರಾಠಿ ಸಂಗೀತ ನಾಟಕದ ಆದ್ಯ ಪ್ರವರ್ತಕ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಜನಿಸಿದ್ದು ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಎಂಬುದು ಇಲ್ಲಿ ಸ್ಮರಣೀಯ.

ಎಂಜಿನಿಯರಿಂಗ್ ಬಿಟ್ಟು ರಂಗಭೂಮಿಗೆ

ಅತುಲ್ ಅವರ ಪ್ರೌಢಶಾಲಾ ಶಿಕ್ಷಣ ನಡೆದದ್ದು ಸೊಲ್ಲಾಪುರದ ಹರಿಭಾಯಿ ದೇವಕರಣ ಪ್ರೌಢಶಾಲೆಯಲ್ಲಿ. ಕಿರಿಯ ಕಾಲೇಜು ವ್ಯಾಸಂಗಕ್ಕೆ ಅವರು ಬೆಳಗಾವಿಗೆ ಮರಳಿದರು. ಬಳಿಕ ಪುಣೆಯಲ್ಲಿ ಎಂಜಿನಿಯರಿಂಗ್ ಶಿಕ್ಷಣಕ್ಕೆ ಸೇರಿದರಾದರೂ ಅದರಲ್ಲಿ ಮನಸ್ಸು ನಿಲ್ಲಲಿಲ್ಲ. ಅರ್ಧಕ್ಕೇ ಕೈಬಿಟ್ಟು ಸೊಲ್ಲಾಪುರಕ್ಕೆ ಹಿಂದಿರುಗಿ ಇಂಗ್ಲಿಷ್ ಸಾಹಿತ್ಯದಲ್ಲಿ ಪದವಿ ಪಡೆದರು. ಅಲ್ಲಿನ 'ನಾಟ್ಯ ಆರಾಧನಾ' ತಂಡದ ಒಡನಾಟ ಅವರನ್ನು ರಂಗಭೂಮಿಯತ್ತ ಸೆಳೆಯಿತು.

ಮಧ್ಯಮ ವರ್ಗದ ಮನೆಯ ಯುವಕನೊಬ್ಬ ಎಂಜಿನಿಯರಿಂಗ್ ಸೀಟನ್ನು ತೊರೆಯುವುದು 1980ರ ದಶಕದಲ್ಲಿ ಸಣ್ಣ ನಿರ್ಧಾರವಾಗಿರಲಿಲ್ಲ. ಆ ನಿರ್ಧಾರಕ್ಕೆ ಶಿಸ್ತಿನ ತರಬೇತಿಯ ಬಲ ದೊರೆತದ್ದು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ. 1995ರಲ್ಲಿ ಅವರು ಅಲ್ಲಿಂದ ಡಿಪ್ಲೊಮಾ ಪಡೆದು ಹೊರಬಂದಾಗ ಮೂವತ್ತರ ಹೊಸ್ತಿಲಲ್ಲಿದ್ದರು. ಅವರ ಪತ್ನಿ ಗೀತಾಂಜಲಿ ಕುಲಕರ್ಣಿ ಅವರೂ ಇದೇ ಶಾಲೆಯ ಪದವೀಧರೆ. 'ಕೋರ್ಟ್' ಚಿತ್ರ ಹಾಗೂ 'ಗುಲ್ಲಕ್' ಸರಣಿಯ ಮೂಲಕ ಹೆಸರಾದ ಕಲಾವಿದೆ.

ಗಾಂಧಿಯೂ ಹೌದು, ಗಾಂಧಿವಿರೋಧಿಯೂ ಹೌದು

ವೃತ್ತಿ ರಂಗಭೂಮಿಯಲ್ಲಿ ಅತುಲ್ ಅವರಿಗೆ ಹೆಸರು ತಂದುಕೊಟ್ಟ ನಾಟಕ 'ಗಾಂಧಿ ವಿರುದ್ಧ ಗಾಂಧಿ'. ಮಹಾತ್ಮ ಗಾಂಧಿ ಮತ್ತು ಅವರ ಹಿರಿಯ ಪುತ್ರ ಹರಿಲಾಲರ ನಡುವಿನ ಸಂಘರ್ಷವನ್ನು ಕುರಿತ ಈ ನಾಟಕದಲ್ಲಿ ಅವರದು ಗಾಂಧೀಜಿಯ ಪಾತ್ರ.

ಕೆಲವೇ ವರ್ಷಗಳಲ್ಲಿ ಅವರಿಗೆ ಇದಕ್ಕೆ ತೀರ ವಿರುದ್ಧವಾದ ಪಾತ್ರ ಎದುರಾಯಿತು. ಕಮಲ್ ಹಾಸನ್ ನಿರ್ದೇಶಿಸಿ ನಟಿಸಿದ 'ಹೇ ರಾಮ್' (2000) ಚಿತ್ರದಲ್ಲಿ ಅವರು ಶ್ರೀರಾಮ್ ಅಭ್ಯಂಕರ್ ಆಗಿ ಕಾಣಿಸಿಕೊಂಡರು. ವಿಭಜನೆಯ ಹಿಂಸೆಯಲ್ಲಿ ಪತ್ನಿಯನ್ನು ಕಳೆದುಕೊಂಡ ನಾಯಕನನ್ನು ಗಾಂಧಿ ಹತ್ಯೆಯ ಸಂಚಿಗೆ ಎಳೆಯುವ ಪಾತ್ರವಿದು. ತಮಿಳು ಮತ್ತು ಹಿಂದಿ ಎರಡರಲ್ಲೂ ತಯಾರಾದ ಈ ಚಿತ್ರ ಅವರಿಗೆ ಅತ್ಯುತ್ತಮ ಪೋಷಕ ನಟ ರಾಷ್ಟ್ರೀಯ ಪ್ರಶಸ್ತಿಯನ್ನು ತಂದಿತು. ರಂಗದ ಮೇಲೆ ಗಾಂಧಿಯಾದವನೇ ತೆರೆಯ ಮೇಲೆ ಗಾಂಧಿವಿರೋಧಿಯಾಗಿ ನಂಬಿಸಿದ್ದು ಅವರ ಕಲೆಯ ವ್ಯಾಪ್ತಿಗೆ ಸಾಕ್ಷಿ.

ಎರಡನೆಯ ರಾಷ್ಟ್ರೀಯ ಪ್ರಶಸ್ತಿ ಮಧುರ್ ಭಂಡಾರ್ಕರ್ ಅವರ 'ಚಾಂದನಿ ಬಾರ್' (2001) ಚಿತ್ರಕ್ಕೆ ಸಂದಿತು. ಅದರಲ್ಲಿ ತಬು ಎದುರು ಅವರು ನಿರ್ವಹಿಸಿದ್ದು ಮುಂಬಯಿ ಭೂಗತ ಲೋಕದ ಪೋತ್ಯಾ ಸಾವಂತ್ ಎಂಬ ಪಾತ್ರ. ಕ್ರೌರ್ಯ ಮತ್ತು ಸಂಸಾರದ ಆಸೆ ಒಂದೇ ದೇಹದಲ್ಲಿ ಬೆರೆತ ವ್ಯಕ್ತಿ ಅವನು.

ಹಿಂದಿ ಚಿತ್ರರಂಗ ಕೊಟ್ಟದ್ದೆಷ್ಟು?

ಎರಡು ರಾಷ್ಟ್ರೀಯ ಪ್ರಶಸ್ತಿಗಳ ನಂತರವೂ ಹಿಂದಿ ವಾಣಿಜ್ಯ ಚಿತ್ರಗಳು ಅವರನ್ನು ನಾಯಕ ಪಾತ್ರಕ್ಕೆ ಕರೆದದ್ದು ವಿರಳ. 'ಖಾಕಿ' (2004), 'ಪೇಜ್ 3' (2005), 'ರಯೀಸ್' (2017), ತಾತ್ಯಾ ಟೋಪೆಯಾಗಿ ನಟಿಸಿದ 'ಮಣಿಕರ್ಣಿಕಾ' (2019) ಮುಂತಾದ ಚಿತ್ರಗಳಲ್ಲಿ ಅವರದು ಕಥೆಗೆ ಆಧಾರವಾಗುವ, ಆದರೆ ಭಿತ್ತಿಪತ್ರದಲ್ಲಿ ದೊಡ್ಡದಾಗಿ ಕಾಣದ ಸ್ಥಾನ.

ಈ ಸಾಲಿನಲ್ಲಿ ಎದ್ದು ಕಾಣುವುದು ರಾಕೇಶ್ ಓಂಪ್ರಕಾಶ್ ಮೆಹ್ರಾ ಅವರ 'ರಂಗ್ ದೇ ಬಸಂತಿ' (2006). ಇದರಲ್ಲಿ ಮತೀಯ ರಾಜಕಾರಣದ ಕಾರ್ಯಕರ್ತ ಲಕ್ಷ್ಮಣ್ ಪಾಂಡೆ ಮತ್ತು ಸ್ವಾತಂತ್ರ್ಯ ಹೋರಾಟಗಾರ ರಾಮಪ್ರಸಾದ್ ಬಿಸ್ಮಿಲ್, ಈ ಎರಡೂ ಅವರೇ. ತಾನು ದ್ವೇಷಿಸುತ್ತಿದ್ದ ಅಸ್ಲಮ್ ಎಂಬ ಯುವಕನೊಡನೆ ಬಿಸ್ಮಿಲ್ ಮತ್ತು ಅಶ್ಫಾಕುಲ್ಲಾ ಖಾನರ ಸ್ನೇಹವನ್ನು ಅಭಿನಯಿಸುತ್ತಾ ಪಾಂಡೆ ಬದಲಾಗುವ ಪರಿಯನ್ನು ಅವರು ಮಾತಿಗಿಂತ ಮುಖಭಾವದಿಂದಲೇ ಹೆಚ್ಚು ಕಾಣಿಸಿದರು.

ಪೂರ್ಣ ಪ್ರಮಾಣದ ನಾಯಕ ಪಾತ್ರಗಳನ್ನು ನೀಡಿದ್ದು ಮರಾಠಿ ಚಿತ್ರರಂಗ. 'ದೇವರಾಯಿ' (2004) ಚಿತ್ರದಲ್ಲಿ ಸ್ಕಿಜೋಫ್ರೇನಿಯಾ ಪೀಡಿತನ ಪಾತ್ರವಾದರೆ, ರವಿ ಜಾಧವ್ ನಿರ್ದೇಶನದ 'ನಟರಂಗ' (2010) ಅವರ ವೃತ್ತಿಜೀವನದ ಎತ್ತರ ಎನ್ನಬಹುದು. ನಿಪ್ಪಾಣಿಯಾಚೆ ಗಡಿ ದಾಟಿದೊಡನೆ ಸಿಗುವ ಕಾಗಲಿನವರಾದ ಲೇಖಕ ಆನಂದ ಯಾದವರ ಕಾದಂಬರಿಯನ್ನು ಆಧರಿಸಿದ ಚಿತ್ರವಿದು. ತಮಾಷಾ ಕಲೆಯ ಹುಚ್ಚಿನಿಂದ ಕಟ್ಟುಮಸ್ತಾದ ಕೂಲಿಕಾರನೊಬ್ಬ ಹೆಣ್ಣಿಗನ ಪಾತ್ರ ಧರಿಸಿ ಊರಿನ ಅಪಹಾಸ್ಯಕ್ಕೆ ಗುರಿಯಾಗುವುದು ಇದರ ಕಥಾವಸ್ತು. ಇದಕ್ಕಾಗಿ ಅತುಲ್ ಮೊದಲು ಕುಸ್ತಿಪಟುವಿನಂತೆ ಮೈ ಬೆಳೆಸಿ, ಬಳಿಕ ಅದನ್ನು ಇಳಿಸಿಕೊಂಡರು.

ಕನ್ನಡದ ನಂಟು

ಕೇಸರಿ ಹರವೂ ನಿರ್ದೇಶನದ 'ಭೂಮಿಗೀತ' (1997) ಅತುಲ್ ಅವರ ಮೊದಲ ಚಲನಚಿತ್ರ. ಅಣೆಕಟ್ಟಿನಿಂದ ನೆಲೆ ಕಳೆದುಕೊಳ್ಳುವ ಆದಿವಾಸಿಗಳ ಬದುಕನ್ನು ಕುರಿತ ಈ ಚಿತ್ರ ಪರಿಸರ ವಿಭಾಗದಲ್ಲಿ ರಾಷ್ಟ್ರೀಯ ಪ್ರಶಸ್ತಿ ಪಡೆಯಿತು. ಬೆಂಗಳೂರಿನ ನಾಟಕಕಾರ ಮಹೇಶ್ ದತ್ತಾನಿ ಅವರ ಇಂಗ್ಲಿಷ್ ಚಿತ್ರ 'ಮ್ಯಾಂಗೋ ಸೂಫ್ಲೆ'ಯಲ್ಲಿ (2002) ಸಲಿಂಗಿ ಪುರುಷನ ಪಾತ್ರವನ್ನು, ಆ ವಿಷಯವೇ ತೆರೆಗೆ ಅಪರೂಪವಾಗಿದ್ದ ದಿನಗಳಲ್ಲಿ, ಅವರು ನಿರ್ವಹಿಸಿದರು.

ಕನ್ನಡ ಪ್ರೇಕ್ಷಕರು ಅವರನ್ನು ಹೆಚ್ಚಾಗಿ ನೆನೆಯುವುದು ಕೆ.ಎಂ. ಚೈತನ್ಯ ನಿರ್ದೇಶನದ 'ಆ ದಿನಗಳು' (2007) ಚಿತ್ರದಿಂದ. ಅದರಲ್ಲಿ ಅವರು ಅಗ್ನಿ ಶ್ರೀಧರ್ ಪಾತ್ರಧಾರಿ. 1980ರ ದಶಕದ ಬೆಂಗಳೂರು ಭೂಗತ ಲೋಕದ ಈ ಕಥನದಲ್ಲಿ ಅಬ್ಬರವಿಲ್ಲದ ಅವರ ನಟನೆ, ರೌಡಿ ಚಿತ್ರಗಳ ಸಿದ್ಧ ಮಾದರಿಯನ್ನೇ ಮುರಿಯಿತು. ಅಗ್ನಿ ಶ್ರೀಧರ್ ಅವರದೇ ಕೃತಿ ಆಧಾರಿತ, ಸುಮನಾ ಕಿತ್ತೂರು ನಿರ್ದೇಶನದ 'ಎದೆಗಾರಿಕೆ'ಯಲ್ಲೂ (2012) ಅವರು ಅಭಿನಯಿಸಿದರು. ಇಷ್ಟಾದರೂ ಕರ್ನಾಟಕದಲ್ಲಿ ಹುಟ್ಟಿದ ಈ ನಟನನ್ನು ಕನ್ನಡ ಚಿತ್ರರಂಗ ಬಳಸಿಕೊಂಡದ್ದು ಕಡಿಮೆಯೇ.

ಬರಹ ಮತ್ತು ಸಮಾಜ ಸೇವೆ

ಅಮೆರಿಕದ 'ಫಾರೆಸ್ಟ್ ಗಂಪ್' (1994) ಚಿತ್ರವನ್ನು ಭಾರತೀಯ ಸನ್ನಿವೇಶಕ್ಕೆ ಅಳವಡಿಸಿ 'ಲಾಲ್ ಸಿಂಗ್ ಚಡ್ಡಾ' ಚಿತ್ರಕಥೆ ರಚಿಸಿದವರು ಅತುಲ್. ಬರೆದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾದ ಬಳಿಕ, ಆಮಿರ್ ಖಾನ್ ಅಭಿನಯದಲ್ಲಿ ಅದು 2022ರ ಆಗಸ್ಟ್ 11ರಂದು ತೆರೆಕಂಡಿತು. ಆದರೆ ಗಳಿಕೆಯಲ್ಲಿ ಸೋತಿತು. ಇತ್ತ 'ಸಿಟಿ ಆಫ್ ಡ್ರೀಮ್ಸ್' (2019) ಮತ್ತು 'ಬಂದಿಶ್ ಬ್ಯಾಂಡಿಟ್ಸ್' (2020) ವೆಬ್ ಸರಣಿಗಳು ಅವರನ್ನು ಹೊಸ ಪೀಳಿಗೆಗೆ ಪರಿಚಯಿಸಿದವು. ಮಹಾರಾಷ್ಟ್ರದಲ್ಲಿ ಆದಿವಾಸಿ ಹಾಗೂ ಗ್ರಾಮೀಣ ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ 'ಕ್ವೆಸ್ಟ್' ಸಂಸ್ಥೆಯ ಚಟುವಟಿಕೆಗಳಲ್ಲಿಯೂ ಅವರು ತೊಡಗಿಸಿಕೊಂಡಿದ್ದಾರೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ಉಗ್ರರ ದಾಳಿಯ ನಂತರ ಪ್ರವಾಸಿಗರು ಕಾಶ್ಮೀರದಿಂದ ದೂರ ಸರಿಯುತ್ತಿದ್ದಾಗ, ಅವರು ಕೆಲವೇ ದಿನಗಳಲ್ಲಿ ಅಲ್ಲಿಗೆ ತೆರಳಿ ಜನರೂ ಬರುವಂತೆ ಕರೆ ನೀಡಿದರು.

ಜಿಲ್ಲೆಯ ಇತರ ಕಲಾವಿದರು

ಹಿಂದಿ ಚಿತ್ರರಂಗಕ್ಕೆ ಬೆಳಗಾವಿ ಜಿಲ್ಲೆಯ ಕೊಡುಗೆ ಅತುಲ್ ಅವರಿಂದ ಆರಂಭವಾದದ್ದಲ್ಲ. ತೆರೆಯ ಮೇಲಿನ ತಾಯಿಯೆಂದೇ ಮನೆಮಾತಾಗಿದ್ದ, 1999ರಲ್ಲಿ ಪದ್ಮಶ್ರೀ ಪಡೆದ ಸುಲೋಚನಾ ಲಾಟ್ಕರ್ (1928-2023) ನಿಪ್ಪಾಣಿ ಸಮೀಪದ ಖಡಕಲಾಟದವರು. ಕನ್ನಡದಿಂದ ತೆಲುಗು, ತಮಿಳಿಗೆ ಹೋದ ಚರಣ್‌ರಾಜ್ ಬೆಳಗಾವಿಯವರು. 'ಪ್ರತಿಘಾತ್' (1987) ಹಿಂದಿ ಚಿತ್ರದ ಖಳನಾಯಕರಾಗಿ ಅವರು ಗಮನ ಸೆಳೆದಿದ್ದರು.

ಈ ಮೂವರಲ್ಲಿ ಯಾರೂ ಒಂದೇ ಭಾಷೆಗೆ ಸೀಮಿತರಾಗಲಿಲ್ಲ. ಗಡಿ ವಿವಾದದ ಸುದ್ದಿ ಬಂದಾಗಲೆಲ್ಲ ಬೆಳಗಾವಿ, ಖಾನಾಪುರ ಯಾರಿಗೆ ಸೇರಿದವು ಎಂಬ ಪ್ರಶ್ನೆ ಏಳುತ್ತದೆ. ಎರಡು ಭಾಷೆಗಳ ನಡುವೆ ಬೆಳೆದ ಈ ನೆಲ ದೇಶದ ಚಿತ್ರರಂಗಕ್ಕೆ ಎಂತಹ ಕಲಾವಿದರನ್ನು ಕೊಟ್ಟಿದೆ ಎಂಬ ಲೆಕ್ಕವೂ ಆಗ ನೆನಪಾಗಬೇಕಿದೆ.

ಒಂದು ನೋಟ

ಜನನ: 1965ರ ಸೆಪ್ಟೆಂಬರ್ 10, ಬೆಳಗಾವಿ
ತರಬೇತಿ: ರಾಷ್ಟ್ರೀಯ ನಾಟಕ ಶಾಲೆ, ದೆಹಲಿ (1995)
ಮೊದಲ ಚಿತ್ರ: ಭೂಮಿಗೀತ (ಕನ್ನಡ, 1997)
ರಾಷ್ಟ್ರೀಯ ಪ್ರಶಸ್ತಿ: ಹೇ ರಾಮ್, ಚಾಂದನಿ ಬಾರ್
ಇತರ ಭಾಷೆಗಳು: ರನ್ (ತಮಿಳು, 2002), ತಲಪ್ಪಾವು (ಮಲಯಾಳಂ, 2008), ಘಾಜಿ (ತೆಲುಗು-ಹಿಂದಿ, 2017)