ಶ್ರೀರಂಗಪಟ್ಟಣದ ದಾರಿ

ಸಯನ್‌ನಲ್ಲಿ ನಮ್ಮ ಪಕ್ಕದ ಮನೆಯ ಮಂಗಳೂರಿನ ಕ್ಯಾಥೊಲಿಕ್ ಆಂಟಿಯನ್ನು ಶ್ರೀರಂಗಪಟ್ಟಣ ಪ್ರವಾಸಕ್ಕೆ ಕರೆದೆ. "ನಮ್ಮ ಹಿರಿಯರನ್ನು ಅಲ್ಲಿಗೆ ನಡೆಸಿಕೊಂಡು ಹೋದದ್ದಲ್ವಾ ಮಾರಾಯ್ತಿ" ಎಂದರು.

ಶಾಲೆಯಲ್ಲಿ ನಾನು ಓದಿದ್ದು ಟಿಪ್ಪುವಿನ ಯುದ್ಧಗಳನ್ನು ಮಾತ್ರ. 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಆತ ಕೆನರಾದ ಕ್ಯಾಥೊಲಿಕರನ್ನು ಸೆರೆಹಿಡಿಸಿದ. ಮಂಗಳೂರಿನ ಮಿಲಾಗ್ರಿಸ್ ಸೇರಿದಂತೆ ಹಲವು ಚರ್ಚುಗಳು ನೆಲಸಮವಾದವು, ಪಾದ್ರಿಗಳು ಗಡೀಪಾರಾದರು. ಹೆಂಗಸರು, ಮಕ್ಕಳು ಎನ್ನದೆ ಎಲ್ಲರೂ ಘಟ್ಟ ಹತ್ತಬೇಕಾಯಿತು. ಎಷ್ಟೋ ಮಂದಿ ದಾರಿಯಲ್ಲೇ ಸತ್ತರು, ಹಲವರನ್ನು ಬಲವಂತದಿಂದ ಮತಾಂತರಿಸಲಾಯಿತು. ಸಂಖ್ಯೆಯ ಬಗ್ಗೆ ಇತಿಹಾಸಕಾರರು ಇಂದಿಗೂ ಜಗಳವಾಡುತ್ತಾರೆ.

ಅದೇ ಟಿಪ್ಪು, 1791ರಲ್ಲಿ ಮರಾಠಾ ಸೇನೆಯ ಲೂಟಿಗೊಳಗಾದ ಶೃಂಗೇರಿ ಮಠಕ್ಕೆ ನೆರವಾದ. ನನ್ನ ಪ್ರಕಾರ ಅದು ಇದನ್ನು ಅಳಿಸುವುದಿಲ್ಲ.

1799ರಲ್ಲಿ ಆತ ಮಡಿದ ಮೇಲೆ ಬದುಕುಳಿದವರಲ್ಲಿ ಅನೇಕರು ಊರಿಗೆ ಮರಳಿದರು.

ಆಂಟಿ ಬರಲು ಒಪ್ಪಿದ್ದಾರೆ. ಮೇಣದಬತ್ತಿ ತರುತ್ತಾರಂತೆ.